ಬೇಟೆಯ ಕೋವಿಗೆ ಬಾಳಿಕೆಯ ಮರೆಬಣ್ಣ

ಏಪ್ರಿಲ್ ತಿಂಗಳ ನಸುಕಿನಲ್ಲಿ ಅಮೆರಿಕದ ಮಿಸೌರಿಯ ಓಕ್ ಕಾಡಿನೊಳಗೆ ಮರಕ್ಕೆ ಬೆನ್ನು ಕೊಟ್ಟು ಕುಳಿತ ಬೇಟೆಗಾರ ಅಡಿಯಿಂದ ಮುಡಿಯವರೆಗೆ ಎಲೆಬಣ್ಣದ ಬಟ್ಟೆ ತೊಟ್ಟಿರುತ್ತಾನೆ, ಮುಖಕ್ಕೆ ಬಲೆಯ ಮುಸುಕು ಹಾಕಿರುತ್ತಾನೆ, ಕೈಗೆ ಗವಸು ತೊಟ್ಟಿರುತ್ತಾನೆ. ಆದರೂ 40 ಗಜದಷ್ಟು ಹತ್ತಿರಕ್ಕೆ ಬಂದ ಕಾಡು ಟರ್ಕಿ ಕೋಳಿ ಕತ್ತನ್ನು ನೀಳ ಮಾಡಿ ಒಮ್ಮೆ ನೋಡಿ, ಗಂಟಲಲ್ಲಿ ಗಡುಸಾದ ಒಂದು ಸದ್ದು ಮಾಡಿ, ಬಂದ ದಾರಿಯಲ್ಲೇ ಹಿಂದಿರುಗಿಬಿಡುತ್ತದೆ. ಇಂಥ ಬೆಳಗುಗಳಲ್ಲಿ ಬೇಟೆಗಾರನನ್ನು ಹಲವು ಸಲ ಬಿಟ್ಟುಕೊಡುವುದು ಅವನ ಮಂಡಿಯ ಮೇಲೆ ಇರುವ ಕೋವಿ.

ಕೋವಿ ಕಣ್ಣಿಗೆ ಬೀಳುವುದಕ್ಕೆ ಮೊದಲ ಕಾರಣ ಹೊಳಪು. ಪಾಲಿಶ್ ಮಾಡಿ ಕಪ್ಪುನೀಲಿ ಬಣ್ಣ ಬರಿಸಿದ ಉಕ್ಕಿನ ನಳಿಗೆ ಓರೆಬಿಸಿಲಿಗೆ ಕನ್ನಡಿಯಂತೆ ಮಿಂಚುತ್ತದೆ. ಅದು ಉರುಟಾಗಿರುವುದರಿಂದ ಸೂರ್ಯ ಯಾವ ದಿಕ್ಕಿನಲ್ಲಿದ್ದರೂ ಅದರ ಮೈಯ ಮೇಲೆ ಎಲ್ಲೋ ಒಂದು ಕಡೆ ಬೆಳಕಿನ ಗೆರೆ ಮೂಡಿಯೇ ಇರುತ್ತದೆ. ಇನ್ನೊಂದು ಕಾರಣ ಆಕಾರ. ಕಾಡಿನಲ್ಲಿ ಕೊಂಬೆ ಬಾಗುತ್ತದೆ, ಬಳ್ಳಿ ಸುತ್ತುತ್ತದೆ, ಹುಲ್ಲು ಒರಗುತ್ತದೆ. ಆದರೆ 28 ಇಂಚು ಉದ್ದಕ್ಕೆ ಒಂದೇ ದಪ್ಪದಲ್ಲಿ ನೆಟ್ಟಗೆ ಹೋಗುವ ಕರಿಗೆರೆ ಅಲ್ಲಿ ತೀರಾ ಅಪರೂಪ. ಹಕ್ಕಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ನಾಲ್ಕು ಬಗೆಯವು, ನಮ್ಮಲ್ಲಿ ಮೂರು, ಜಿಂಕೆಯಲ್ಲಿ ಎರಡೇ. ಜಿಂಕೆಗೆ ಕಿತ್ತಳೆಯನ್ನು ಹಸಿರಿನಿಂದ ಬೇರ್ಪಡಿಸಿ ನೋಡಲಾಗದು; ಅದಕ್ಕಾಗಿಯೇ ಅಮೆರಿಕದ ಅನೇಕ ರಾಜ್ಯಗಳು ಜಿಂಕೆ ಬೇಟೆಯ ಕಾಲದಲ್ಲಿ ಬೇಟೆಗಾರರು ಎದ್ದು ಕಾಣುವ ಕಿತ್ತಳೆ ಬಟ್ಟೆ ತೊಡಬೇಕೆಂದು ಕಡ್ಡಾಯ ಮಾಡಿವೆ. ಹೀಗಾಗಿ ಕೋವಿಗೆ ಮರೆಬಣ್ಣ, ಅಂದರೆ ಸುತ್ತಲಿನ ಕಾಡಿನಲ್ಲಿ ಬೆರೆತು ಕಣ್ಣಿಗೆ ಬೀಳದಂತೆ ಮಾಡುವ ಬಣ್ಣ, ಬಳಿಯುವ ಮಾತು ಮುಖ್ಯವಾಗಿ ಟರ್ಕಿ ಕೋಳಿ ಮತ್ತು ಕಾಡುಬಾತುಗಳ ಬೇಟೆಗೆ ಸೇರಿದ್ದು. ಅಲುಗಾಡದೆ ಕೂರುವುದು ಯಾವ ಬಣ್ಣಕ್ಕಿಂತಲೂ ದೊಡ್ಡದು ಎಂಬುದನ್ನು ಒಪ್ಪಿಕೊಂಡೇ ಮುಂದಿನ ವಿವರಗಳನ್ನು ಓದಬೇಕು.

ಕಾರ್ಖಾನೆಯಲ್ಲೇ ಮರೆಬಣ್ಣ ಮಾಡಿಸಿಕೊಂಡು ಬಂದ ಕೋವಿಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ಕೈಯಲ್ಲಿರುವ ಹಳೆಯ, ಅಭ್ಯಾಸವಾದ ಕೋವಿಗೆ ಮನೆಯ ಗ್ಯಾರೇಜಿನಲ್ಲೇ ಈ ಕೆಲಸ ಮಾಡಿಕೊಳ್ಳುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರ ದೂರು ಒಂದೇ: ಮೊದಲ ವರ್ಷ ಚೆನ್ನಾಗಿತ್ತು, ಎರಡನೆಯ ವರ್ಷ ಸಿಪ್ಪೆ ಸುಲಿಯಿತು. ಆಗ ಬಣ್ಣದ ಕಂಪನಿಯನ್ನು ದೂರುವುದು ವಾಡಿಕೆ. ನನ್ನ ಅನುಭವದಲ್ಲಿ ಲೇಪ ಬಾಳುತ್ತದೋ ಇಲ್ಲವೋ ಎಂಬುದು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, ಲೋಹದ ಮೈಯನ್ನು ಅಣಿಗೊಳಿಸುವ ಹಂತದಲ್ಲೇ ತೀರ್ಮಾನವಾಗಿರುತ್ತದೆ.

ಎಲ್ಲಕ್ಕಿಂತ ಮೊದಲು ಯಾವ ಕೋವಿಗೆ ಬಣ್ಣ ಬಳಿಯಬಾರದು ಎಂಬುದನ್ನು ಹೇಳಬೇಕು. ವಾಲ್ನಟ್ ಮರದ ಸ್ಟಾಕ್ (ಹೆಗಲಿಗೆ ಒರಗುವ ಹಿಂಭಾಗ), ಕೈಕೆತ್ತನೆ ಇರುವ ಹಳೆಯ ಜೋಡುನಳಿಗೆ ಕೋವಿ, ಅಜ್ಜನಿಂದ ಬಂದದ್ದು, ಇವನ್ನು ಮುಟ್ಟಬಾರದು. ಒಮ್ಮೆ ಉಜ್ಜಿದ ಮೇಲೆ ಮೂಲದ ಮೈ ಮರಳಿ ಬರುವುದಿಲ್ಲ, ಮಾರುಕಟ್ಟೆಯ ಬೆಲೆಯೂ ಇಳಿಯುತ್ತದೆ. ಅಂಥವಕ್ಕೆ ಬೇಟೆಯ ಕಾಲದಲ್ಲಿ ಸುತ್ತಿ ಆಮೇಲೆ ಬಿಚ್ಚಿಡಬಹುದಾದ ಬಟ್ಟೆಯ ಟೇಪು ಸಾಕು, ಆದರೆ ಟೇಪಿನ ಅಡಿ ತೇವ ನಿಂತು ತುಕ್ಕು ಹಿಡಿಯುವುದರಿಂದ ಅದನ್ನು ತಿಂಗಳುಗಟ್ಟಲೆ ಬಿಡಬಾರದು. ಕೊಡಗಿನ ಮನೆಗಳಲ್ಲಿ ಕೈಲ್ ಪೋಳ್ದ್ ಹಬ್ಬದ ದಿನ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆಗಿಡುವ ಕೋವಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈಗ ನಮ್ಮ ದೇಶದಲ್ಲಿ ಮೋಜಿನ ಬೇಟೆಗೆ ಎಡೆಯಿಲ್ಲವಾದ್ದರಿಂದ ಊರಿನ ಕೋವಿಗೆ ಮರೆಬಣ್ಣದ ಅಗತ್ಯವೂ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬೆಳೆ ಕಾವಲಿನ ಕೋವಿಯನ್ನು ತುಕ್ಕಿನಿಂದ ಉಳಿಸಲು ಹೆಣಗುವವರಿಗೆ ಮುಂದೆ ಬರುವ ಎಣ್ಣೆ ಮತ್ತು ತುಕ್ಕಿನ ಮಾತುಗಳು ಮಾತ್ರ ಉಪಯೋಗಕ್ಕೆ ಬರಬಹುದು.

ಕಾನೂನಿನ ಒಂದೆರಡು ಮಾತು. ಅಮೆರಿಕದಲ್ಲಿ ಸ್ವಂತ ಕೋವಿಗೆ ಬಣ್ಣ ಬಳಿಯುವುದು ತಪ್ಪಲ್ಲ, ಆದರೆ ಕ್ರಮಸಂಖ್ಯೆಯನ್ನು ಅಳಿಸಿದ ಅಥವಾ ತಿದ್ದಿದ ಬಂದೂಕನ್ನು ಇಟ್ಟುಕೊಳ್ಳುವುದು ಒಕ್ಕೂಟದ ಕಾನೂನಿನಲ್ಲಿ ಅಪರಾಧ. ಆದ್ದರಿಂದ ರಿಸೀವರ್ ಮೇಲೆ, ಅಂದರೆ ನಳಿಗೆಯನ್ನೂ ಟ್ರಿಗರನ್ನೂ ಹೊತ್ತಿರುವ ನಡುವಿನ ಲೋಹದ ಪೆಟ್ಟಿಗೆಯ ಮೇಲೆ, ಕೊರೆದಿರುವ ಸಂಖ್ಯೆಯನ್ನು ಉಜ್ಜಲೇಬಾರದು; ಅದರ ಮೇಲೆ ಸಣ್ಣ ಟೇಪು ಅಂಟಿಸಿ ಬಣ್ಣದಿಂದ ಹೊರಗಿಡುವುದು ಅತ್ಯಂತ ಸುರಕ್ಷಿತ. ನಮ್ಮವರಲ್ಲಿ ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ: ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವವರು ಅಲ್ಲಿ ಸಾಮಾನ್ಯವಾಗಿ ಬಂದೂಕನ್ನು ಹೊಂದುವಂತಿಲ್ಲ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ಮಾತ್ರ ಆ ನಿಯಮದಿಂದ ವಿನಾಯಿತಿ ಉಂಟು.

ಇನ್ನು ಬಣ್ಣದ ಆಯ್ಕೆ. ಬಣ್ಣವೆಂದರೆ ಎರಡು ವಸ್ತುಗಳ ಬೆರಕೆ: ಬಣ್ಣ ಕೊಡುವ ಪುಡಿ ಒಂದು, ಆ ಪುಡಿಯನ್ನು ಹಿಡಿದು ಲೋಹಕ್ಕೆ ಅಂಟಿಸುವ ರಾಳ ಇನ್ನೊಂದು. ರಾಳ ಹೆಚ್ಚಿದ್ದರೆ ಅದು ಪುಡಿಯ ಕಣಗಳನ್ನೆಲ್ಲ ಮುಳುಗಿಸಿ ಮೇಲೆ ನುಣುಪಾಗಿ ನಿಲ್ಲುತ್ತದೆ, ಆಗ ಬಣ್ಣ ಹೊಳೆಯುತ್ತದೆ. ಪುಡಿ ಹೆಚ್ಚಾದರೆ ಕಣಗಳು ಮೇಲಕ್ಕೆ ತಲೆಯೆತ್ತಿ ಮೈ ತರಿತರಿಯಾಗಿ, ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರಿ ಹೊಳಪು ಸಾಯುತ್ತದೆ. ಬೇಟೆಗೆ ನಮಗೆ ಬೇಕಾದದ್ದು ಈ ಎರಡನೆಯ, ಮಂಕಾದ ಮೈ. ತೊಡಕು ಇರುವುದೂ ಅಲ್ಲೇ: ಪುಡಿ ಹೆಚ್ಚಿ ರಾಳ ಕಡಿಮೆಯಾದ ಲೇಪ ಸ್ವಭಾವತಃ ಮೆದು, ಉಗುರಿಗೆ ಗೀರುತ್ತದೆ, ಕೈಯ ಜಿಡ್ಡನ್ನು ಹೀರುತ್ತದೆ. ಮರೆಬಣ್ಣ ಬಾಳುವಂತೆ ಮಾಡುವುದು ಮಾಮೂಲಿ ಬಣ್ಣಕ್ಕಿಂತ ಕಷ್ಟವಾಗುವುದು ಈ ಕಾರಣಕ್ಕೆ. ಹೊಳಪಿಲ್ಲದ ಬಣ್ಣವೇ ಬೇಕು, ಅದೇ ದುರ್ಬಲವೂ ಹೌದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಂಕು ಮರೆಬಣ್ಣದ ಸ್ಪ್ರೇ ಡಬ್ಬಿ ಎಲ್ಲಕ್ಕಿಂತ ಅಗ್ಗ. ಕ್ರೈಲಾನ್, ರಸ್ಟ್-ಓಲಿಯಮ್ ಎರಡೂ ಇಂಥ ಬಣ್ಣಗಳನ್ನು ಮಾಡುತ್ತವೆ. ಬೇಗ ಒಣಗುತ್ತದೆ, ತಪ್ಪಾದರೆ ಮತ್ತೆ ಬಳಿಯಬಹುದು, ಬೇಡವಾದರೆ ತೆಗೆದೂ ಹಾಕಬಹುದು. ಆದರೆ ಕೋವಿಯನ್ನು ಸ್ವಚ್ಛಗೊಳಿಸುವ ದ್ರಾವಕ ತಾಗಿದರೆ ಅದು ಮೆತ್ತಗಾಗಿ ಬಟ್ಟೆಗೆ ಬಂದುಬಿಡುತ್ತದೆ. ಅದರ ಮೇಲಿನ ಮೆಟ್ಟಿಲು ಡಬ್ಬಿಯಲ್ಲೇ ಬರುವ ಎಪಾಕ್ಸಿ ಲೇಪ. ಅಯೋವಾದ ಬ್ರೌನೆಲ್ಸ್ ಕಂಪನಿ ಮಾರುವ ಅಲ್ಯುಮಾ-ಹೈಡ್ 2 ಇದಕ್ಕೆ ಹೆಸರಾದದ್ದು. ಮುಟ್ಟಿದರೆ ಅಂಟದಷ್ಟು ಒಣಗಲು ಹೆಚ್ಚು ಹೊತ್ತು ಬೇಡ, ಆದರೆ ಪೂರ್ತಿ ಬಲಿಯಲು ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಬಲಿತ ಮೇಲೆ ದ್ರಾವಕಕ್ಕೂ ಉಜ್ಜಾಟಕ್ಕೂ ಸ್ಪ್ರೇ ಡಬ್ಬಿಯ ಮಾಮೂಲಿ ಬಣ್ಣಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ.

ಆಮೇಲೆ ಬರುವುದು ಎರಡು ದ್ರವಗಳನ್ನು ಬೆರೆಸಿ ಏರ್‌ಬ್ರಷ್ ಅಥವಾ ಸ್ಪ್ರೇ ಗನ್ನಿನಿಂದ ಬಳಿಯುವ ಲೇಪಗಳು. ಡ್ಯೂರಾಕೋಟ್ ಈ ಜಾತಿಯದು, ಒಲೆ ಬೇಡ, ಗಾಳಿಯಲ್ಲೇ ಬಲಿಯುತ್ತದೆ. ಓರೆಗನ್ ರಾಜ್ಯದ ವೈಟ್ ಸಿಟಿಯಲ್ಲಿ ತಯಾರಾಗುವ ಸೆರಾಕೋಟ್ ಈಗ ಬಂದೂಕಿನ ಲೇಪಗಳಲ್ಲಿ ಎಲ್ಲರೂ ಬಲ್ಲ ಹೆಸರು. ಅದರ ಎಚ್ ಸರಣಿಯನ್ನು ಲೋಹದ ಮೇಲೆ ಬಳಿದು 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 121 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡು ಗಂಟೆ ಬೇಯಿಸಬೇಕು. ಲೇಪದ ದಪ್ಪ ಇಂಚಿನ ಸಾವಿರದ ಒಂದು ಭಾಗದ ಆಸುಪಾಸು. ಆದ್ದರಿಂದ ಬಿಗಿಯಾಗಿ ಕೂರುವ ಭಾಗಗಳಿಗೂ ತೊಂದರೆಯಾಗದು. ಗಟ್ಟಿತನದಲ್ಲಿ ಇದಕ್ಕೆ ಸಾಟಿ ಕಡಿಮೆ. ಆದರೆ ಮನೆಯ ಅಡುಗೆ ಒಲೆಯ ಒಳಗೆ 28 ಇಂಚಿನ ನಳಿಗೆ ಹಿಡಿಸುವುದಿಲ್ಲ, ಹಿಡಿಸಿದರೂ ರೊಟ್ಟಿ ಬೇಯಿಸುವ ಒಲೆಯಲ್ಲಿ ಇದನ್ನು ಬೇಯಿಸಬಾರದು. ಪ್ಲಾಸ್ಟಿಕ್ ಮತ್ತು ಮರದ ಭಾಗಗಳು ಆ ಬಿಸಿಯನ್ನು ತಾಳುವುದೂ ಇಲ್ಲ. ಇದಲ್ಲದೆ ಎರಡು ದ್ರವ ಬೆರೆಸುವ ಪಾಲಿಯುರಿಥೇನ್ ಲೇಪಗಳ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ; ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟಬಹುದು. ಬಟ್ಟೆಯ ಮಾಸ್ಕ್ ಇದಕ್ಕೆ ತಡೆಯೇ ಅಲ್ಲ. ಸರಿಯಾದ ಉಸಿರುರಕ್ಷಕವೂ ಗಾಳಿಯಾಡುವ ಜಾಗವೂ ಇಲ್ಲದವರು ಈ ದಾರಿಗೆ ಹೋಗಬಾರದೆಂದೇ ನಾನು ಹೇಳುತ್ತೇನೆ.

ನೀರಿನಲ್ಲಿ ಅದ್ದಿ ಚಿತ್ತಾರ ಮೂಡಿಸುವ ವಿಧಾನವೂ ಇದೆ. ಪಾಲಿವಿನೈಲ್ ಆಲ್ಕೊಹಾಲಿನ ತೆಳುಹಾಳೆಯ ಮೇಲೆ ಮುದ್ರಿಸಿದ ಚಿತ್ರವನ್ನು ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಹಾಳೆ ಕರಗುತ್ತದೆ. ಮೇಲೆ ಸಿಂಪಡಿಸುವ ದ್ರಾವಕದಿಂದ ಶಾಯಿ ಮತ್ತೆ ದ್ರವವಾಗುತ್ತದೆ. ಆಗ ಭಾಗವನ್ನು ನಿಧಾನವಾಗಿ ಮುಳುಗಿಸಿದರೆ ನೀರಿನ ಒತ್ತಡಕ್ಕೆ ಶಾಯಿ ಸುತ್ತಲೂ ಅಂಟಿಕೊಳ್ಳುತ್ತದೆ. ಕಾರ್ಖಾನೆಯ ಕೋವಿಗಳ ಮೇಲಿನ ಎಲೆ, ತೊಗಟೆಯ ಛಾಯಾಚಿತ್ರದಂಥ ಚಿತ್ತಾರಗಳು ಹೆಚ್ಚಾಗಿ ಹೀಗೆ ಬಂದವು. ನೋಡಲು ಬಹಳ ಚೆಂದ. ಆದರೆ ಶಾಯಿಗೆ ತನ್ನದೇ ಬಲವಿಲ್ಲ, ಮೇಲೆ ಬಳಿಯುವ ಪಾರದರ್ಶಕ ಲೇಪ ಎಷ್ಟು ಗಟ್ಟಿಯೋ ಚಿತ್ತಾರವೂ ಅಷ್ಟೇ ಗಟ್ಟಿ. ಇವೆಲ್ಲವನ್ನೂ ತೂಗಿ ನೋಡಿದರೆ, ಮೊದಲ ಸಲ ಮನೆಯಲ್ಲಿ ಮಾಡುವವರಿಗೆ ಡಬ್ಬಿಯ ಎಪಾಕ್ಸಿಯೇ ಸರಿಯಾದ ನಡುದಾರಿ ಎಂದು ನನಗೆ ತೋರುತ್ತದೆ. ಮುಂದಿನ ವಿವರಗಳು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡವು. ಆದರೂ ಮೈ ಅಣಿಗೊಳಿಸುವ ಭಾಗ ಎಲ್ಲ ಲೇಪಗಳಿಗೂ ಒಂದೇ.

ಕೆಲಸಕ್ಕೆ ಕೂರುವ ಮುನ್ನ ಕೋವಿ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ನೋಡಿ, ತೋಟಾಗಳನ್ನು ಆ ಕೋಣೆಯಿಂದಲೇ ಹೊರಗಿಡಬೇಕು. ನಂತರ ನಳಿಗೆ, ಬೋಲ್ಟ್ (ತೋಟಾ ಗೂಡನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡು), ಟ್ರಿಗರ್ ಜೋಡಣೆ, ಸ್ಟಾಕ್, ಮುಂಬದಿಯ ಹಿಡಿ, ಹೆಗಲಿಗೆ ತಾಗುವ ರಬ್ಬರು, ಎಲ್ಲವನ್ನೂ ಬಿಚ್ಚಬೇಕು. ಬಣ್ಣ ತಾಗಬಾರದ ಜಾಗಗಳು ಹಲವು: ನಳಿಗೆಯ ಒಳಮೈ, ತೋಟಾ ಕೂರುವ ಗೂಡು, ರಿಸೀವರಿನ ಒಳಗೆ ಬೋಲ್ಟ್ ಓಡಾಡುವ ಹಳಿಗಳು, ತನ್ನಷ್ಟಕ್ಕೆ ತೋಟಾ ತುಂಬಿಕೊಳ್ಳುವ ಕೋವಿಯಾದರೆ ಅನಿಲ ಹೊರಬರುವ ತೂತುಗಳು, ಮುಂಬದಿಯ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಕೋವಿಯಲ್ಲಿ ಆ ಹಿಡಿ ಜಾರುವ ತೋಟಾಕೊಳವೆಯ ಹೊರಮೈ. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ; ಅಲ್ಲಿ ಬಳಿದ ಬಣ್ಣ ನೂರು ಸಲ ಪಂಪ್ ಮಾಡುವಷ್ಟರಲ್ಲಿ ಪುಡಿಯಾಗಿ ಒಳಗೆ ಸೇರುತ್ತದೆ. ನಳಿಗೆಯ ತುದಿಗೆ ಬೇಡವಾದ ಹಳೆಯ ಚೋಕ್ ಒಂದನ್ನು, ಅಂದರೆ ಚರೆಗಳು ಎಷ್ಟು ಹರಡಬೇಕೆಂದು ನಿರ್ಧರಿಸುವ ತುದಿಕೊಳವೆಯನ್ನು, ತಿರುಗಿಸಿ ಕೂರಿಸಿದರೆ ಒಳಗಿನ ತಿರುಪಿನ ಸುತ್ತುಗಳು ಬಣ್ಣ ತಾಗದೆ ಉಳಿಯುತ್ತವೆ. ಸುರಕ್ಷತಾ ಗುಂಡಿಯ ಮೇಲಿನ ಕೆಂಪು ಗುರುತನ್ನು ಖಂಡಿತ ಮುಚ್ಚಬಾರದು, ಏಕೆಂದರೆ ಕೋವಿ ಹಾರಲು ಸಿದ್ಧವಿದೆಯೇ ಎಂಬುದನ್ನು ಹೇಳುವುದು ಅದೇ.

ಈಗ ಮೈ ಅಣಿಗೊಳಿಸುವ ಮಾತು. ಕೋವಿ ಎಣ್ಣೆಯಲ್ಲೇ ಬೆಳೆದ ವಸ್ತು. ವರ್ಷಗಟ್ಟಲೆ ಒರೆಸಿದ ಎಣ್ಣೆ ಲೋಹದ ಸಣ್ಣ ರಂಧ್ರಗಳಲ್ಲಿ, ತಿರುಪಿನ ಸುತ್ತುಗಳ ಸಂದಿನಲ್ಲಿ, ನಳಿಗೆಯ ಬೆನ್ನಿಗೆ ಕೂರಿಸಿದ ರಿಬ್ ಎಂಬ ಪಟ್ಟಿಯ ಅಡಿಯಲ್ಲಿ ಉಳಿದುಕೊಂಡಿರುತ್ತದೆ. ಅದರಲ್ಲೂ ಸಿಲಿಕೋನ್ ಹಾಕಿದ ಬಟ್ಟೆಯಿಂದ ಒರೆಸುತ್ತಿದ್ದ ಕೋವಿಯಾದರೆ ಬಣ್ಣ ಬೀಳುತ್ತಲೇ ಮೀನಿನ ಕಣ್ಣಿನಂಥ ಉರುಟು ಗುಳಿಗಳು ಏಳುತ್ತವೆ. ಆದ್ದರಿಂದ ಮೊದಲು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಲೋಹದ ಭಾಗಗಳನ್ನು ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ, ಆಮೇಲೆ ಅಸಿಟೋನಿನಿಂದ ಒರೆಸಬೇಕು. ಒರೆಸಿದ ಬಟ್ಟೆಯನ್ನು ಮತ್ತೆ ಅದೇ ಡಬ್ಬಿಗೆ ಅದ್ದಿದರೆ ಎಣ್ಣೆಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಬಳಿದಂತೆ. ಪ್ರತಿ ಸಲವೂ ಹೊಸ ಬಟ್ಟೆ ಬೇಕು. ಪ್ಲಾಸ್ಟಿಕ್ ಸ್ಟಾಕಿಗೆ ಅಸಿಟೋನ್ ತಾಗಿಸಬಾರದು, ಕೆಲವು ಪ್ಲಾಸ್ಟಿಕ್‌ಗಳು ಅದಕ್ಕೆ ಕರಗುತ್ತವೆ. ಅವಕ್ಕೆ ಸೋಪುನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲು ಸಾಕು.

ಎಣ್ಣೆ ಹೋಯಿತೋ ಇಲ್ಲವೋ ಎಂದು ನೋಡಲು ಹಳೆಯ, ಸುಲಭದ ಒಂದು ಪರೀಕ್ಷೆಯಿದೆ. ಒಣಗಿದ ನಳಿಗೆಯನ್ನು ಓರೆಯಾಗಿ ಹಿಡಿದು ಮೇಲಿನಿಂದ ಶುದ್ಧ ನೀರನ್ನು ಸಣ್ಣಗೆ ಹರಿಸಿ. ಲೋಹದ ಮೈ ನಿಜಕ್ಕೂ ಶುದ್ಧವಾಗಿದ್ದರೆ ನೀರು ಒಂದೇ ತೆಳುಪರದೆಯಾಗಿ ಇಳಿಯುತ್ತದೆ, ಎಲ್ಲೂ ಸೀಳದೆ, ಎಲ್ಲೂ ಒಡೆಯದೆ. ಎಣ್ಣೆಯ ಸುಳಿವಿದ್ದರೆ ಆ ಜಾಗದಲ್ಲಿ ಪರದೆ ಸೀಳಿ, ಕೆಸುವಿನೆಲೆಯ ಮೇಲಿನಂತೆ ನೀರು ಮಣಿಮಣಿಯಾಗಿ ನಿಲ್ಲುತ್ತದೆ. ನಾನು ಮೊದಲ ಸಲ ಈ ಪರೀಕ್ಷೆ ಮಾಡಿದಾಗ, ಮೂರು ಸಲ ಒರೆಸಿ ಶುದ್ಧವಾಯಿತೆಂದು ನಂಬಿದ್ದ ನಳಿಗೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಮಣಿಗಳ ಸಾಲಾಗಿ ಎದ್ದುನಿಂತಿತ್ತು. ಅಂದಿನಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟುವುದನ್ನು ಬಿಟ್ಟೆ. ನೈಟ್ರೈಲ್ ಗವಸು ಹಾಕಿಕೊಂಡೇ ಮುಂದಿನ ಕೆಲಸ.

ರಿಬ್ಬಿನ ಅಡಿಯ ಎಣ್ಣೆ ಮಾತ್ರ ಈ ಪರೀಕ್ಷೆಗೂ ಸಿಕ್ಕುವುದಿಲ್ಲ. ನನ್ನ ಮೊದಲ ಕೋವಿ ಹಾಳಾದದ್ದು ಅದರಿಂದಲೇ: ಬಣ್ಣ ಬಳಿದ ದಿನ ಎಲ್ಲ ಸರಿಯಿತ್ತು, ಮೊದಲ ಬಿಸಿಲಿನ ದಿನ ನಳಿಗೆ ಕಾದು ಪಟ್ಟಿಯ ಬುಡದಿಂದ ಎಣ್ಣೆ ಜಿನುಗಿ, ಉದ್ದಕ್ಕೂ ನೂಲಿನಂತೆ ಬಣ್ಣ ಎದ್ದು ಬಂತು. ಇದಕ್ಕೆ ಪರಿಹಾರವೆಂದರೆ ಬಣ್ಣದ ಮೊದಲೇ ಆ ಎಣ್ಣೆಯನ್ನು ಹೊರಗೆ ಕರೆಯುವುದು. ಅಸಿಟೋನ್ ಪೂರ್ತಿ ಆರಿದ ಮೇಲೆ, ಅದರ ಡಬ್ಬಿ ಮತ್ತು ಬಟ್ಟೆಗಳನ್ನು ದೂರವಿಟ್ಟು, ಹೇರ್ ಡ್ರೈಯರಿನಿಂದ ನಳಿಗೆಯನ್ನು ಕೈಗೆ ತಾಳುವಷ್ಟು ಬಿಸಿ ಮಾಡಬೇಕು. ಸಂದುಗಳಲ್ಲಿ ಕರಿ ಹನಿಗಳು ಮೂಡುತ್ತವೆ. ತಣಿಸಿ, ಒರೆಸಿ, ಮತ್ತೆ ಬಿಸಿ ಮಾಡಿ, ಹನಿ ಬಾರದವರೆಗೆ ಮಾಡಬೇಕು. ಅಸಿಟೋನಿನ ಆವಿ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುವುದರಿಂದ ಈ ಎರಡು ಕೆಲಸಗಳನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಎಂದೂ ಮಾಡಬಾರದು.

ಶುದ್ಧವಾದರೆ ಸಾಲದು, ಲೋಹ ತುಸು ತರಿಯಾಗಿಯೂ ಇರಬೇಕು. ನುಣುಪಾದ ಗೋಡೆಗೆ ಗಾರೆ ಹಿಡಿಯದೆಂದು ಗಾರೆಯವರು ಮೊದಲು ಕೊಚ್ಚು ಹಾಕುವಂತೆ, ಇಲ್ಲೂ ಬಣ್ಣಕ್ಕೆ ಹಲ್ಲೂರಲು ಜಾಗ ಬೇಕು. ಕಾರ್ಖಾನೆಗಳಲ್ಲಿ ಅಲ್ಯೂಮಿನಿಯಮ್ ಆಕ್ಸೈಡಿನ ಚೂಪು ಕಣಗಳನ್ನು ಗಾಳಿಯ ರಭಸದಲ್ಲಿ ಎರಚಿ ಇದನ್ನು ಮಾಡುತ್ತಾರೆ. ಗಾಜಿನ ಮಣಿ ಎರಚಿದರೆ ಆಗದು. ಅವು ಉರುಟಾಗಿರುವುದರಿಂದ ಲೋಹವನ್ನು ಕುಟ್ಟಿ ನುಣುಪು ಮಾಡುತ್ತವೆಯೇ ಹೊರತು ಗೀರುವುದಿಲ್ಲ. ಮನೆಯಲ್ಲಿ 220ರಿಂದ 320ರ ನಡುವಿನ ನಂಬರಿನ ಉಪ್ಪುಕಾಗದ ಸಾಕು. ಬ್ಲೂಯಿಂಗ್ ಎಂದು ಕರೆಯುವ ಕಪ್ಪುನೀಲಿ ಮೈ ಉಕ್ಕಿನ ಮೇಲಿನ ತೀರಾ ತೆಳುವಾದ ಆಕ್ಸೈಡಿನ ಪದರ. ಅದನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಹೊಳಪು ಸತ್ತು ಎಲ್ಲ ಕಡೆ ಒಂದೇ ಸಮ ಮಂಕಾದರೆ ಸಾಕು. ಫಾಸ್ಫೇಟ್ ಮಾಡಿದ ಬೂದು ಮೈಯ ಕೋವಿ ಸಿಕ್ಕರೆ ಅದೃಷ್ಟ, ಆ ಮೈಗೆ ಸಹಜವಾಗಿಯೇ ಸಣ್ಣ ರಂಧ್ರಗಳಿರುವುದರಿಂದ ಬಣ್ಣ ಬಿಗಿಯಾಗಿ ಹಿಡಿಯುತ್ತದೆ. ಎಲ್ಲಾದರೂ ತುಕ್ಕಿನ ಚುಕ್ಕೆ ಉಳಿದರೆ ಅದು ಬಣ್ಣದ ಅಡಿಯಲ್ಲೂ ಹಬ್ಬುತ್ತದೆ. ತುಕ್ಕಿನ ಮೇಲೆ ಬಳಿದ ಬಣ್ಣ ತುಕ್ಕಿಗೇ ಅಂಟಿರುತ್ತದೆ, ಉಕ್ಕಿಗಲ್ಲ.

ಕೋವಿಯ ರಿಸೀವರ್ ಯಾವ ಲೋಹದ್ದೆಂದು ತಿಳಿದುಕೊಳ್ಳುವುದೂ ಮುಖ್ಯ. ರೆಮಿಂಗ್ಟನ್ 870ರದ್ದು ಉಕ್ಕು, ಮಾಸ್‌ಬರ್ಗ್ 500ರದ್ದು ಅಲ್ಯೂಮಿನಿಯಮ್. ಬರಿ ಅಲ್ಯೂಮಿನಿಯಮ್ ಗಾಳಿ ಸೋಕಿದೊಡನೆ ಆಕ್ಸೈಡಿನ ಪದರ ಕಟ್ಟಿಕೊಳ್ಳುವುದರಿಂದ ಅದನ್ನು ತಳ ಕಾಣುವಷ್ಟು ಉಜ್ಜುವುದು ಒಳ್ಳೆಯದಲ್ಲ. ಕಾರ್ಖಾನೆ ಮಾಡಿದ ಅನೋಡೈಸ್ ಮೈಯನ್ನು, ಅಂದರೆ ವಿದ್ಯುತ್ತಿನಿಂದ ದಪ್ಪಗೊಳಿಸಿದ ಆಕ್ಸೈಡಿನ ಪದರವನ್ನು, ಉಳಿಸಿಕೊಂಡು ಮೇಲುಮೇಲೆ ತರಿ ಮಾಡಿದರೆ ಅದೇ ಒಳ್ಳೆಯ ತಳಹದಿ. ಉಕ್ಕಿನ ಕತೆ ಬೇರೆ: ಉಜ್ಜಿ ಬೆಳ್ಳಗಾದ ಉಕ್ಕು ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕಂದುತ್ತದೆ, ಆದ್ದರಿಂದ ಉಜ್ಜಿದ ದಿನವೇ ಬಣ್ಣ ಬೀಳಬೇಕು.

ಮೊದಲ ಬಣ್ಣ ತಳಬಣ್ಣ. ಅದು ಚಿತ್ತಾರದಲ್ಲಿರುವ ಎಲ್ಲಕ್ಕಿಂತ ತಿಳಿಯಾದ ಬಣ್ಣವಾಗಿರಬೇಕು, ಒಣಹುಲ್ಲಿನ ಅಥವಾ ಮಣ್ಣಿನ ತಿಳಿ. ಭಾಗಗಳನ್ನು ತಂತಿಯಲ್ಲಿ ನೇತುಹಾಕಿ, 25ರಿಂದ 30 ಸೆಂಟಿಮೀಟರ್ ದೂರದಿಂದ, ಡಬ್ಬಿಯನ್ನು ನಳಿಗೆಯ ಹೊರಗಿನ ಗಾಳಿಯಲ್ಲೇ ಒತ್ತಲು ಶುರುಮಾಡಿ, ಉದ್ದಕ್ಕೂ ಸಮವೇಗದಲ್ಲಿ ಸಾಗಿ, ಇನ್ನೊಂದು ತುದಿ ದಾಟಿದ ಮೇಲೆಯೇ ಬೆರಳು ತೆಗೆಯಬೇಕು. ಮೊದಲ ಪದರದ ಅಡಿ ಲೋಹ ಕಾಣುತ್ತಿದ್ದರೆ ಅದೇ ಸರಿ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಣ್ಣ ಇಳಿಯುತ್ತದೆ, ದಪ್ಪ ಪದರದ ಒಳಗೆ ದ್ರಾವಕ ಸಿಕ್ಕಿಬಿದ್ದು ವಾರಗಟ್ಟಲೆ ಮೆತ್ತಗೆ ಉಳಿಯುತ್ತದೆ. ರಿಬ್ಬಿನ ಕಿಂಡಿಗಳಿಗೆ ಎರಡೂ ಬದಿಯಿಂದ ಓರೆಯಾಗಿ ಬಳಿಯದಿದ್ದರೆ ಒಳಗಿನ ಉಕ್ಕು ಬರಿದಾಗಿ ಉಳಿದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಮತ್ತೊಂದು ಪದರ ಯಾವಾಗ ಬಳಿಯಬೇಕೆಂಬ ಸೂಚನೆಯನ್ನು ಅಕ್ಷರಶಃ ಪಾಲಿಸಬೇಕು: ಎನಾಮಲ್ ಡಬ್ಬಿಗಳ ಮೇಲೆ ಒಂದು ಗಂಟೆಯೊಳಗೆ ಅಥವಾ 48 ಗಂಟೆಯ ನಂತರ ಎಂದು ಬರೆದಿರುವುದುಂಟು. ನಡುವಿನ ಹೊತ್ತಿನಲ್ಲಿ ಬಳಿದರೆ ಅರೆಬಲಿತ ಕೆಳಪದರ ಹೊಸ ದ್ರಾವಕಕ್ಕೆ ಉಬ್ಬಿ, ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.

ಚಿತ್ತಾರವನ್ನು ಹೇಗೆ ಹಾಕಬೇಕು? 1986ರಲ್ಲಿ ಮಿಸಿಸಿಪಿಯ ಟಾಕ್ಸಿ ಹಾಸ್ ಮಾಸಿ ಓಕ್ ಹೆಸರಿನಲ್ಲಿ, ಅದೇ ವರ್ಷ ಜಾರ್ಜಿಯಾದ ಬಿಲ್ ಜೋರ್ಡನ್ ರಿಯಲ್‌ಟ್ರೀ ಹೆಸರಿನಲ್ಲಿ ಕಾಡಿನ ತೊಗಟೆ, ಎಲೆಗಳನ್ನೇ ಹೋಲುವ ಬಟ್ಟೆಗಳನ್ನು ತಂದ ಮೇಲೆ, ಮರೆಬಣ್ಣವೆಂದರೆ ಎಲೆಯ ನರವೂ ಕಾಣುವ ಚಿತ್ರವೆಂಬ ಕಲ್ಪನೆ ಬೇಟೆಗಾರರಲ್ಲಿ ಬೇರೂರಿದೆ. ಮನೆಯಲ್ಲಿ ಅದನ್ನು ಅನುಕರಿಸಲು ಹೋಗಬೇಕಾಗಿಲ್ಲ. ನಳಿಗೆಯಂಥ ಸಪೂರ ವಸ್ತುವಿನ ಮೇಲೆ ಸಣ್ಣ ಸಣ್ಣ ವಿವರಗಳು 20 ಗಜ ದೂರದಲ್ಲಿ ಒಂದರೊಳಗೊಂದು ಕಲೆತು ಮತ್ತೆ ಒಂದೇ ಕಂದು ಕೋಲಾಗುತ್ತವೆ. ಅಲ್ಲಿ ಬೇಕಾದದ್ದು ದೊಡ್ಡ, ಎದುರುಬದುರಾದ ತುಣುಕುಗಳು. ಅಂಗೈ ಅಗಲದ ಒಂದು ಕಪ್ಪುಗಂದು ಪಟ್ಟಿ ನಳಿಗೆಯನ್ನು ಓರೆಯಾಗಿ ಅಡ್ಡ ಹಾಯಬೇಕು, ಎಂದೂ ಉದ್ದಕ್ಕೆ ಹೋಗಬಾರದು. ಉದ್ದಕ್ಕೆ ಎಳೆದ ಪಟ್ಟಿ ನಾವು ಅಡಗಿಸಲು ಹೊರಟ ನೇರಗೆರೆಗೇ ಒತ್ತು ಕೊಡುತ್ತದೆ. ಪಟ್ಟಿ ರಿಸೀವರಿನಿಂದ ಸ್ಟಾಕಿಗೆ, ನಳಿಗೆಯಿಂದ ಹಿಡಿಗೆ ತುಂಡಾಗದೆ ದಾಟಿದರೆ ಭಾಗಗಳ ಅಂಚು ಕಣ್ಣಿಗೆ ಸಿಗುವುದಿಲ್ಲ. ಇದಕ್ಕಾಗಿ ತಳಬಣ್ಣವನ್ನು ಬಿಚ್ಚಿಟ್ಟ ಭಾಗಗಳಿಗೂ, ಚಿತ್ತಾರವನ್ನು ಹೊರಭಾಗಗಳನ್ನು ಜೋಡಿಸಿ ತೆರೆದ ಕಡೆಗಳಿಗೆ ಟೇಪು ಅಂಟಿಸಿದ ಕೋವಿಗೂ ಹಾಕಬೇಕು. ಪಂಪ್ ಕೋವಿಯಾದರೆ ಹಿಡಿ ಮುಂದಿರುವ ಸ್ಥಿತಿಯಲ್ಲಿ, ಏಕೆಂದರೆ ಹಕ್ಕಿ ಬರುವಾಗ ಕೋವಿ ಇರುವುದು ಹಾಗೆ.

ಸ್ಟೆನ್ಸಿಲಿಗೆ ಅಂಗಡಿಗೆ ಹೋಗಬೇಡಿ. ಎಲ್ಲಿ ಬೇಟೆಗೆ ಕೂರುತ್ತೀರೋ ಅಲ್ಲಿಂದಲೇ ಒಂದು ಹಿಡಿ ಒಣಹುಲ್ಲು ತಂದು, ಬುಡದ ಹತ್ತಿರ ಕಟ್ಟಿ, ನಳಿಗೆಯ ಮೇಲೆ ಬೀಸಣಿಗೆಯಂತೆ ಹರಡಿ, ಮೇಲಿನಿಂದ ಕಡುಬಣ್ಣವನ್ನು ಮಂಜಿನಂತೆ ಒಂದು ಸಲ ಹಾಯಿಸಿ ಎತ್ತಿದರೆ ಹುಲ್ಲಿದ್ದಲ್ಲೆಲ್ಲ ತಿಳಿಯ ತಳಬಣ್ಣ ಎಸಳಾಗಿ ಉಳಿಯುತ್ತದೆ. ಕೆಲವು ಎಸಳಿನ ಅಂಚು ಚೂಪು, ಮೇಲೆದ್ದ ಕಡ್ಡಿಗಳ ಅಂಚು ಮಸುಕು; ಆ ಏರುಪೇರಿನಿಂದಲೇ ಚಿತ್ತಾರಕ್ಕೆ ಆಳ ಬರುತ್ತದೆ. ಅರ್ಕನ್ಸಾಸಿನ ಸ್ಟಟ್‌ಗಾರ್ಟ್ ಸುತ್ತಲಿನ ನೀರು ನಿಂತ ಕಾಡುಗಳಲ್ಲಿ ಬಾತಿನ ಬೇಟೆಯಾಡುವವರಿಗೆ ಹುಲ್ಲಿಗಿಂತ ತೊಗಟೆಯ ಬೂದುಗಂದು ಹೊಂದುತ್ತದೆ; ಹರಿದ ಸ್ಪಂಜಿನ ತುಂಡಿನಿಂದ ತಟ್ಟಿದರೆ ಅದು ಬರುತ್ತದೆ. ಎಲ್ಲ ಸೇರಿ ಮೂರು ಬಣ್ಣ ಸಾಕು, ಅಪ್ಪಟ ಕಪ್ಪನ್ನು ದೂರವಿಡಬೇಕು. ಟರ್ಕಿ ಬೇಟೆಯ ಕೋವಿಯ ಮೇಲೆ ಕೆಂಪು, ಬಿಳಿ, ನೀಲಿ ಎಲ್ಲೂ ಇಣುಕಬಾರದು. ಗಂಡು ಟರ್ಕಿಯ ತಲೆಯ ಬಣ್ಣಗಳು ಅವೇ, ಇನ್ನೊಬ್ಬ ಬೇಟೆಗಾರ ಪೊದೆಯಾಚೆಯಿಂದ ಅವನ್ನು ಕಂಡು ಗುರಿಯಿಡುವ ಅಪಾಯವುಂಟು. ಸುರಕ್ಷತಾ ಗುಂಡಿಯ ಕೆಂಪು ಗುರುತು ಮಾತ್ರ ಇದಕ್ಕೆ ಹೊರತು.

ಇಲ್ಲಿ ಒಬ್ಬ ಚಿತ್ರಕಾರನನ್ನು ನೆನೆಯಬೇಕು. ಅಮೆರಿಕದ ಅಬಟ್ ಥೇಯರ್ 1896ರಲ್ಲಿ ಪ್ರಾಣಿಗಳ ಬೆನ್ನು ಕಡುಬಣ್ಣ, ಹೊಟ್ಟೆ ತಿಳಿಬಣ್ಣ ಇರುವುದೇಕೆಂದು ವಿವರಿಸಿದ: ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿ ಹೊಟ್ಟೆಗೆ ನೆರಳು ಕೊಡುತ್ತದೆ, ಬಣ್ಣ ಅದಕ್ಕೆ ತಿರುವುಮುರುವಾಗಿದ್ದರೆ ಎರಡೂ ಸರಿದೂಗಿ ಉರುಟು ಮೈ ಚಪ್ಪಟೆಯಾಗಿ ಕಾಣುತ್ತದೆ. ನಳಿಗೆಯೂ ಉರುಟೇ. ಅದರ ಮೇಲ್ಭಾಗಕ್ಕೆ ಕಡುಬಣ್ಣ ತುಸು ಹೆಚ್ಚು ಬಿದ್ದು, ಅಡಿಭಾಗ ತಳಬಣ್ಣದಲ್ಲೇ ಉಳಿಯುವಂತೆ ನೋಡಿಕೊಂಡರೆ ಆಗುವ ಬದಲಾವಣೆಯನ್ನು ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದವರು ಒಪ್ಪುತ್ತಾರೆ.

ಎಪಾಕ್ಸಿಗೆ ಮೇಲೊಂದು ಪಾರದರ್ಶಕ ಲೇಪ ಬೇಕಾಗಿಲ್ಲ. ಮಾಮೂಲಿ ಸ್ಪ್ರೇ ಬಣ್ಣವಾದರೆ ಮಂಕು ಜಾತಿಯ ಪಾರದರ್ಶಕ ಲೇಪ ಅದರ ಆಯುಸ್ಸನ್ನು ಹೆಚ್ಚಿಸುತ್ತದೆ, ಆದರೆ ಬೇರೆ ಕಂಪನಿಯದಾದರೆ ಮೊದಲು ತಗಡಿನ ತುಂಡಿನ ಮೇಲೆ ಬಳಿದು ನೋಡಬೇಕು. ಇದಾದ ಮೇಲೆ ಕಾಯುವುದೇ ಕೆಲಸ. ಒಣಗುವುದು ಬೇರೆ, ಬಲಿಯುವುದು ಬೇರೆ. ದ್ರಾವಕ ಹಾರಿಹೋದರೆ ಒಣಗಿದಂತೆ. ಉಳಿದ ರಾಳದ ಅಣುಗಳು ಒಂದಕ್ಕೊಂದು ಕೈಹಿಡಿದು ಬಲೆ ಹೆಣೆದುಕೊಂಡರೆ ಮಾತ್ರ ಬಲಿತಂತೆ. ರಾತ್ರಿ ಹಾಕಿದ ಸಿಮೆಂಟು ಬೆಳಿಗ್ಗೆ ಗಟ್ಟಿಯಿದ್ದರೂ ದಿನಗಟ್ಟಲೆ ನೀರು ಹೊಡೆದು ಕ್ಯೂರಿಂಗ್ ಮಾಡುವುದನ್ನು ಕಂಡವರಿಗೆ ಈ ವ್ಯತ್ಯಾಸ ಹೊಸದಲ್ಲ. ಬೆಚ್ಚಗಿನ, ಒಣ ಕೋಣೆಯಲ್ಲಿ ಎರಡು ವಾರ ಮುಟ್ಟದೆ ನೇತುಹಾಕಿಟ್ಟ ಕೋವಿ, ಮೂರನೆಯ ದಿನವೇ ಜೋಡಿಸಿ ಚೀಲಕ್ಕೆ ತುರುಕಿದ ಕೋವಿಗಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಜೋಡಿಸುವಾಗ ತೋಟಾಕೊಳವೆಯೊಳಗಿನ ಕಡ್ಡಿಯನ್ನು ಮರೆಯಬಾರದು. ಬಾತಿನಂಥ ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಗೆ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಸದಂತೆ ತಡೆಯುವುದು ಅದೇ, ಬಿಚ್ಚುವಾಗ ಅದು ಉರುಳಿ ಮೇಜಿನ ಅಡಿ ಸೇರುವುದು ಬಹಳ ಸಾಮಾನ್ಯ.

ಬಳಕೆಯಲ್ಲಿ ಈ ಲೇಪದ ದೊಡ್ಡ ಶತ್ರು ಸೊಳ್ಳೆಯ ಔಷಧಿ. ಡೀಟ್ ಎಂಬ ರಾಸಾಯನಿಕ ಅನೇಕ ಬಣ್ಣಗಳನ್ನೂ ಪ್ಲಾಸ್ಟಿಕ್‌ಗಳನ್ನೂ ಮೆತ್ತಗೆ ಮಾಡುತ್ತದೆ. ಅದನ್ನು ಸವರಿಕೊಂಡ ಕೈಯಲ್ಲಿ ಸ್ಟಾಕ್ ಹಿಡಿದು ಕುಳಿತು, ಎದ್ದಾಗ ನಾಲ್ಕು ಬೆರಳಿನ ಅಚ್ಚು ಬಣ್ಣದೊಳಗೇ ಇಳಿದಿದ್ದನ್ನು ನಾನು ಕಂಡಿದ್ದೇನೆ. ಪಿಕಾರಿಡಿನ್ ಇರುವ ಔಷಧಿ ಬಳಸಿದರೆ ಈ ತೊಂದರೆಯಿಲ್ಲ. ನಳಿಗೆಯ ಒಳಗನ್ನು ಸ್ವಚ್ಛಗೊಳಿಸುವ ದ್ರಾವಕ ತುದಿಯಿಂದ ತೊಟ್ಟಿಕ್ಕದಂತೆ ಮೂತಿಯನ್ನು ಕೆಳಗೆ ಮಾಡಿ ಬಟ್ಟೆ ಸುತ್ತಬೇಕು. ಇಷ್ಟೆಲ್ಲ ಮಾಡಿದರೂ ಮುಂಬದಿಯ ಹಿಡಿಯ ಅಂಚು, ರಿಸೀವರಿನ ಅಡಿ, ಅಂದರೆ ಕೋವಿಯನ್ನು ಹೊತ್ತು ನಡೆಯುವಾಗ ಅಂಗೈ ಕೂರುವ ಜಾಗ, ಎರಡು ಮೂರು ವರ್ಷದಲ್ಲಿ ಸವೆದು ಲೋಹ ಇಣುಕುತ್ತದೆ. ಅದಕ್ಕೆಂದೇ ಉಳಿದ ಬಣ್ಣದ ಡಬ್ಬಿಗಳನ್ನು ತಲೆಕೆಳಗೆ ಮಾಡಿ ಒಮ್ಮೆ ಒತ್ತಿ, ಮೂತಿ ಶುಚಿಮಾಡಿ ತೆಗೆದಿಡಬೇಕು. ಸೆಪ್ಟೆಂಬರಿನಲ್ಲಿ ಟೀಲ್ ಬಾತುಗಳ ಬೇಟೆ ಶುರುವಾಗುವ ರಾಜ್ಯಗಳಲ್ಲಿರುವವರು ಆಗಸ್ಟ್ ಮೊದಲ ವಾರದಲ್ಲೇ ಸವೆದ ಜಾಗವನ್ನು ಆಲ್ಕೊಹಾಲಿನಿಂದ ಒರೆಸಿ, ತಿಳಿಯಾಗಿ ಉಜ್ಜಿ, ಬಣ್ಣವನ್ನು ಸ್ಪಂಜಿಗೆ ಹೊಡೆದು ಅದರಿಂದ ಮೆಲ್ಲನೆ ತಟ್ಟಿಟ್ಟರೆ, ಮೊದಲ ಹಕ್ಕಿಸಾಲು ಬರುವ ಹೊತ್ತಿಗೆ ತೇಪೆ ಬಲಿತಿರುತ್ತದೆ.